ಶ್ರುತಿ ನಿಲ್ಲದ ಗಿಟಾರಿಗೆ ಬೈಯುವ ಮುನ್ನ

ದಿನಾ ಸಂಜೆ ಟ್ಯೂನರ್ ಆ್ಯಪ್ ತೆರೆದು ಆರೂ ತಂತಿ ಸರಿಮಾಡಿಕೊಂಡು ಕೂರುತ್ತೀರಿ. ಎರಡು ಹಾಡು ಮುಗಿಯುವಷ್ಟರಲ್ಲಿ ಎಲ್ಲೋ ಅಪಸ್ವರ. ಮತ್ತೆ ಬಿರಡೆ ತಿರುಗಿಸುತ್ತೀರಿ, ಮತ್ತೆ ಅದೇ ಕಥೆ. ಕೊನೆಗೆ ‘ನನ್ನ ಕಿವಿಯೇ ಸರಿಯಿಲ್ಲ’ ಎಂದು ಗಿಟಾರನ್ನು ಮೂಲೆಗೆ ಒರಗಿಸುತ್ತೀರಿ, ಇಲ್ಲವೇ ‘ಇದು ದಂಡದ ಗಿಟಾರು’ ಎಂದು ಹೊಸದರ ಬೆಲೆ ನೋಡಲು ಶುರುಮಾಡುತ್ತೀರಿ. ಎರಡೂ ಬೇಡ. ಸ್ವಲ್ಪ ಕೂತು ಕೇಳಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಇದೆ ನಿಜ, ಆದರೆ ಗಿಟಾರಿನಲ್ಲಿ ಎಷ್ಟೋ ಸಲ ನೆಲವೇ ಡೊಂಕಾಗಿರುತ್ತದೆ. ಆ ಡೊಂಕು ಸಾಮಾನ್ಯವಾಗಿ ನಟ್‌ನಲ್ಲಿ ಅಥವಾ ತಂತಿ ಸುತ್ತಿದ ರೀತಿಯಲ್ಲಿ ಇರುತ್ತದೆ. ಎರಡನ್ನೂ ಮನೆಯಲ್ಲೇ ನೋಡಿಕೊಳ್ಳಬಹುದು.

ತಂತಿಗಳು ಬಿರಡೆಯಿಂದ ಇಳಿದು ಫ್ರೆಟ್‌ಬೋರ್ಡಿಗೆ ಕಾಲಿಡುವಲ್ಲಿ ಆರು ಸೀಳುಗಳಿರುವ ಸಣ್ಣ ಬಿಳಿ ಪಟ್ಟಿಯೊಂದಿದೆಯಲ್ಲ, ಅದೇ ನಟ್. ಸ್ಟೀಲ್ ತಂತಿಯ ಸಾಮಾನ್ಯ ಗಿಟಾರಿನಲ್ಲಿ ಅದರ ಉದ್ದ ಸುಮಾರು 43 ಮಿಲಿಮೀಟರ್. ಅಗ್ಗದ ಗಿಟಾರುಗಳಲ್ಲಿ ಪ್ಲಾಸ್ಟಿಕ್ಕಿನದು, ಒಳ್ಳೆಯವುಗಳಲ್ಲಿ ಮೂಳೆಯದು. ನೀವು ಗಿಟಾರಿನ ಮೈಯನ್ನು ಬಟ್ಟೆಯಿಂದ ಹೊಳೆಯುವ ಹಾಗೆ ಒರೆಸುತ್ತೀರಿ, ಸ್ಟಿಕರ್ ಅಂಟಿಸುತ್ತೀರಿ, ಬಣ್ಣದ ಪಟ್ಟಿ ಕಟ್ಟುತ್ತೀರಿ. ಈ ನಟ್ ಅನ್ನು ಮಾತ್ರ ಕೊಂಡ ದಿನದಿಂದ ಕಣ್ಣೆತ್ತಿ ನೋಡಿರುವುದಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ‘ಶ್ರುತಿ ಸರಿಯಿಲ್ಲ’ ಎನ್ನುವುದು ಒಂದೇ ಕಾಯಿಲೆಯಲ್ಲ, ಎರಡು. ಸರಿಮಾಡಿದ ಶ್ರುತಿ ನುಡಿಸುತ್ತಾ ನುಡಿಸುತ್ತಾ ಜಾರಿಹೋಗುವುದು ಒಂದು. ಶ್ರುತಿ ಜಾರಿಲ್ಲ, ತೆರೆದ ತಂತಿ ಆರೂ ಸರಿ ಎಂದೇ ಟ್ಯೂನರ್ ಹೇಳುತ್ತಿದೆ, ಆದರೂ ಸ್ವರಮೇಳ ಹಿಡಿದರೆ ಹುಳಿ ಹುಳಿ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಾರಣ ತಂತಿ ಎಲ್ಲೋ ಜಾರುವುದು ಅಥವಾ ಎಲ್ಲೋ ಸಿಕ್ಕಿಕೊಳ್ಳುವುದು. ಎರಡನೆಯದಕ್ಕೆ ಕಾರಣ ತಂತಿ ಇರಬೇಕಾದ ಎತ್ತರದಲ್ಲಿ ಇಲ್ಲದಿರುವುದು. ಇದನ್ನು ಬಿಡಿಸಿ ನೋಡದೆ ಹೊಸ ಬಿರಡೆ ತಂದು ಹಾಕಿಸುವವರೇ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಹಳೆಯ ಬಿರಡೆಗಳು ಹೆಚ್ಚಿನ ಸಲ ಚೆನ್ನಾಗಿಯೇ ಇರುತ್ತವೆ. ಒಂದು ಸಣ್ಣ ಸ್ಕ್ರೂ ಸಡಿಲವಾಗಿದ್ದರೆ ಬಿಗಿಮಾಡಿ, ಸಾಕು.

ಜಾರುವ ಶ್ರುತಿಯಿಂದ ಶುರುಮಾಡೋಣ. ನಟ್ ಮುಟ್ಟುವ ಮೊದಲು ತಂತಿ ಸುತ್ತಿದ ರೀತಿ ನೋಡಿ. ಬಿರಡೆಯ ಕಂಬದ ಮೇಲೆ ಸುತ್ತುಗಳು ಒಂದರ ಮೇಲೊಂದು ಹತ್ತಿ ಗೋಜಲಾಗಿವೆಯೇ? ಹಾಗಿದ್ದರೆ ಅವು ದಿನವೂ ಒಂದಿಷ್ಟು ಒಳಸರಿದು ಸಡಿಲವಾಗುತ್ತಲೇ ಇರುತ್ತವೆ. ದಪ್ಪ ತಂತಿಗೆ ಎರಡು ಸುತ್ತು, ತೆಳು ತಂತಿಗೆ ಮೂರು ಸುತ್ತು, ಎಲ್ಲವೂ ಒಂದರ ಕೆಳಗೊಂದು ನೀಟಾಗಿ ಇಳಿಯಬೇಕು. ಕಂಬ ದಾಟಿ ಸುಮಾರು ಐದು ಸೆಂಟಿಮೀಟರ್ ತಂತಿ ಬಿಟ್ಟುಕೊಂಡು ಸುತ್ತಿದರೆ ಲೆಕ್ಕ ಸರಿಹೋಗುತ್ತದೆ. ಇಡೀ ತಂತಿಯನ್ನು ಏಳೆಂಟು ಸುತ್ತು ಸುತ್ತಿಡುವುದು ಭದ್ರತೆಯಲ್ಲ, ತಾಪತ್ರಯ. ಇನ್ನೊಂದು ತುದಿಯಲ್ಲಿ, ಬ್ರಿಡ್ಜ್ ಹತ್ತಿರ, ಪಿನ್ ಸ್ವಲ್ಪ ಮೇಲೆದ್ದಿದೆಯೇ ಎಂದು ಬೆರಳಾಡಿಸಿ ನೋಡಿ. ತಂತಿಯ ತುದಿಯ ಗುಂಡು ಒಳಗಿನ ಹಲಗೆಗೆ ಕಚ್ಚಿಕೊಳ್ಳದೆ ಪಿನ್ನಿನ ಕೆಳಗೆ ಸಿಕ್ಕಿಕೊಂಡಿದ್ದರೆ ಅದು ಪಿನ್ನನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ. ಪಿನ್ ಒತ್ತುವಾಗ ಇನ್ನೊಂದು ಕೈಯಿಂದ ತಂತಿಯನ್ನು ಮೇಲಕ್ಕೆ ಎಳೆದು ಹಿಡಿಯಿರಿ, ಗುಂಡು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ಹೊಸ ತಂತಿ ಹಾಕಿದ ದಿನವೇ ಶ್ರುತಿ ನಿಲ್ಲಬೇಕೆಂದು ಹಟ ಹಿಡಿಯಬೇಡಿ. ಹನ್ನೆರಡನೆಯ ಫ್ರೆಟ್ಟಿನ ಹತ್ತಿರ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಎಳೆಯಿರಿ, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆಯಿರಿ. ಎಳೆದ ಮೇಲೂ ಟ್ಯೂನರಿನ ಮುಳ್ಳು ಕದಲದೆ ನಿಂತರೆ ತಂತಿ ಪಳಗಿದೆ ಎಂದು ಅರ್ಥ. ಇನ್ನು ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಅಕಸ್ಮಾತ್ ಮೇಲೆ ಹೋದರೆ ಸ್ವಲ್ಪ ಇಳಿಸಿ ನಿಲ್ಲಿಸಿಬಿಡಬೇಡಿ. ಬೇಕಾದ ಸ್ವರಕ್ಕಿಂತ ಕೆಳಗೆ ಹೋಗಿ ಮತ್ತೆ ಏರಿ. ಮೇಲಿನಿಂದ ಇಳಿಸಿ ನಿಲ್ಲಿಸಿದ ತಂತಿಯಲ್ಲಿ ಬಿರಡೆಯ ಹಲ್ಲುಗಳ ಸಂದಿನ ಸಡಿಲು ಹಾಗೇ ಉಳಿದಿರುತ್ತದೆ. ನಾಲ್ಕು ಸಲ ಮೀಟಿದರೆ ಶ್ರುತಿ ಇಳಿಯುತ್ತದೆ. ಆ್ಯಪಿನಲ್ಲಿ ‘ಎ’ ಸ್ವರದ ಅಂಕಿ 440 ಹರ್ಟ್ಸ್ ಇದೆಯೇ ಎಂದೂ ಒಮ್ಮೆ ನೋಡಿಬಿಡಿ. ಯಾರೋ ತಿಳಿಯದೆ ಒತ್ತಿ 432ಕ್ಕೆ ಇಟ್ಟಿದ್ದರೆ ನೀವು ಎಷ್ಟು ಶ್ರದ್ಧೆಯಿಂದ ಶ್ರುತಿ ಮಾಡಿದರೂ ಗೆಳೆಯರ ಗಿಟಾರಿನ ಜೊತೆ ಕೂಡುವುದಿಲ್ಲ.

ಇಷ್ಟು ಮಾಡಿದ ಮೇಲೂ ಜಾರುತ್ತಿದ್ದರೆ ಈಗ ನಟ್ ಕಡೆ ತಿರುಗಿ. ಬಾವಿಯ ಹಗ್ಗ ರಾಟೆಯ ಮೇಲೆ ಸಲೀಸಾಗಿ ಜಾರುವಂತೆ ತಂತಿ ನಟ್‌ನ ಸೀಳಿನಲ್ಲಿ ಜಾರಬೇಕು. ಜಾರದಿದ್ದರೆ ಏನಾಗುತ್ತದೆಂದು ‘ಜಿ’ ತಂತಿಯಲ್ಲಿ ನೋಡಿ. ಬಿರಡೆಯನ್ನು ಒಂದು ಚೂರು ತಿರುಗಿಸುತ್ತೀರಿ, ಟ್ಯೂನರಿನ ಮುಳ್ಳು ಅಲ್ಲಾಡುವುದಿಲ್ಲ. ಇನ್ನೊಂದು ಚೂರು ತಿರುಗಿಸುತ್ತೀರಿ, ಈಗಲೂ ಇಲ್ಲ. ಇನ್ನೂ ಒಂದು ಚೂರು ಎನ್ನುವಷ್ಟರಲ್ಲಿ ನಟ್ ಹತ್ತಿರ ‘ಟಿಂಕ್’ ಎಂದು ಸಣ್ಣದೊಂದು ಸದ್ದು, ಮುಳ್ಳು ಬೇಕಾದ ಗೆರೆ ದಾಟಿ ಆಚೆ ಹಾರಿ ನಿಲ್ಲುತ್ತದೆ. ಆ ‘ಟಿಂಕ್’ ಕೇಳಿದಿರಾದರೆ ಕಳ್ಳ ಸಿಕ್ಕ ಹಾಗೆಯೇ. ತಂತಿ ಸೀಳಿನಲ್ಲಿ ಸಿಕ್ಕಿಕೊಂಡಿತ್ತು, ಬಿಗಿ ತಾಳಲಾರದೆ ಒಮ್ಮೆಲೇ ಬಿಡಿಸಿಕೊಂಡಿತು.

ಸದ್ದು ಕೇಳದಿದ್ದರೂ ಪತ್ತೆಮಾಡುವ ದಾರಿಯಿದೆ. ತಂತಿಯನ್ನು ಶ್ರುತಿ ಮಾಡಿ, ಫ್ರೆಟ್‌ಬೋರ್ಡಿನ ಮೇಲೆ ಪಕ್ಕಕ್ಕೆ ಚೆನ್ನಾಗಿ ಎಳೆದು ಬಿಡಿ. ಶ್ರುತಿ ಇಳಿಯಿತೇ? ಈಗ ನಟ್ ಮತ್ತು ಬಿರಡೆಯ ನಡುವಿನ ತಂತಿಯ ತುಂಡನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಇಳಿದ ಶ್ರುತಿ ವಾಪಸ್ ಏರಿದರೆ ತಪ್ಪು ನಟ್‌ನದು. ಏರದಿದ್ದರೆ ನಿಮ್ಮ ಸುತ್ತುಗಳನ್ನೋ ಬ್ರಿಡ್ಜನ್ನೋ ಇನ್ನೊಮ್ಮೆ ನೋಡಿ. ತಲೆಯ ಎರಡೂ ಬದಿಗೆ ಮೂರು ಮೂರು ಬಿರಡೆಗಳಿರುವ ಗಿಟಾರಿನಲ್ಲಿ ನಡುವಿನ ‘ಡಿ’ ಮತ್ತು ‘ಜಿ’ ತಂತಿಗಳು ನಟ್ ದಾಟಿದ ಕೂಡಲೇ ಹೊರಕ್ಕೆ ಓರೆಯಾಗಿ ತಿರುಗುತ್ತವೆ. ಸೀಳಿನ ಗೋಡೆಗೆ ಒರಗಿಕೊಂಡು ಹೋಗುವುದರಿಂದ ಮೊದಲು ತಕರಾರು ಮಾಡುವವೂ ಅವೇ. ಈ ಸಿಕ್ಕಾಟದ ಕಾಟ ಎಷ್ಟಿತ್ತೆಂದರೆ ಅಮೆರಿಕದ ಫ್ಲಾಯ್ಡ್ ರೋಸ್ ಎನ್ನುವವರು ತಂತಿಗಳನ್ನು ನಟ್‌ನಲ್ಲೇ ಸ್ಕ್ರೂ ಹಾಕಿ ಅಲುಗದಂತೆ ಹಿಡಿಯುವ ಏರ್ಪಾಡೊಂದನ್ನು ಮಾಡಿ 1979ರಲ್ಲಿ ಪೇಟೆಂಟ್ ಪಡೆದರು. ರಾಕ್ ಸಂಗೀತದ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಅದು ಇಂದಿಗೂ ಇದೆ. ನಿಮಗೆ ಅಷ್ಟೆಲ್ಲ ಬೇಡ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯಬೇಡಿ. ಮಕ್ಕಳ ಕಂಪಾಸಿನಲ್ಲಿ ಒಂದು ಪೆನ್ಸಿಲ್ ಇದ್ದೇ ಇರುತ್ತದೆ.

ಆದಷ್ಟು ಮೆತ್ತನೆಯದು, 2ಬಿ ಅಥವಾ 4ಬಿ ಆದರೆ ಒಳ್ಳೆಯದು. ಒಂದು ತಂತಿಯನ್ನು ಮಾತ್ರ ಸಡಿಲಿಸಿ ಸೀಳಿನಿಂದ ಎತ್ತಿ ಪಕ್ಕಕ್ಕಿಡಿ. ಆರನ್ನೂ ಒಟ್ಟಿಗೆ ಬಿಚ್ಚುವ ಉತ್ಸಾಹ ಬೇಡ, ಕತ್ತಿನ ಮೇಲಿನ ಎಳೆತ ಒಮ್ಮೆಲೇ ಹೋಗಿ ಮತ್ತೆ ಹದಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಹಲ್ಲಿನ ಸಂದು ಶುಚಿಮಾಡುವ ದಾರದಿಂದ ಸೀಳಿನೊಳಗಿನ ಕೊಳೆ ತೆಗೆಯಿರಿ. ಬೆವರು, ದೂಳು, ತಂತಿಯ ತಾಮ್ರದ ಪುಡಿ ಎಲ್ಲ ಸೇರಿ ಅಲ್ಲಿ ಕಪ್ಪಗೆ ಅಂಟಿರುತ್ತದೆ. ಆಮೇಲೆ ಪೆನ್ಸಿಲಿನ ಮೊನೆಯನ್ನು ಸೀಳಿನ ತಳಕ್ಕೂ ಎರಡು ಗೋಡೆಗಳಿಗೂ ಉಜ್ಜಿ, ತಳ ಬೂದು ಬಣ್ಣಕ್ಕೆ ತಿರುಗಬೇಕು. ತಂತಿ ವಾಪಸ್ ಕೂರಿಸಿ ಶ್ರುತಿ ಮಾಡಿ, ಮುಳ್ಳು ಈಗ ಹಾರದೆ ನಡೆದುಕೊಂಡು ಹೋಗುವುದನ್ನು ನೀವೇ ಕಾಣುತ್ತೀರಿ. ತಂತಿ ಬದಲಿಸಿದಾಗಲೆಲ್ಲ ಇಷ್ಟು ಮಾಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಇವು ಯಾವುದನ್ನೂ ನಟ್‌ಗೆ ತಾಗಿಸಬೇಡಿ, ನಾನು ಗದರಿಸಿಯೇ ಹೇಳುತ್ತೇನೆ. ಎಣ್ಣೆ ಸೀಳಿನಲ್ಲಿ ನಿಲ್ಲುವುದಿಲ್ಲ, ಮರಕ್ಕೆ ಇಳಿಯುತ್ತದೆ, ದೂಳು ಹಿಡಿದು ಇನ್ನಷ್ಟು ಅಂಟುತ್ತದೆ, ನಟ್ ಕೂರಿಸಿದ ಗೋಂದನ್ನೂ ಹಾಳುಮಾಡುತ್ತದೆ.

ಪೆನ್ಸಿಲಿಗೂ ಬಗ್ಗದಿದ್ದರೆ ನಿಮ್ಮ ತಂತಿಯೇ ಸೀಳಿಗಿಂತ ದಪ್ಪ ಇರಬಹುದು. 10–47 ಅಳತೆಯ ತಂತಿಗಳಿದ್ದ ಗಿಟಾರಿಗೆ ದನಿ ಜೋರಾಗಲಿ ಎಂದು 12–53ರ ಸೆಟ್ ತಂದು ಹಾಕುತ್ತೀರಿ. ಅತಿ ದಪ್ಪ ತಂತಿ 1.19 ಮಿಲಿಮೀಟರ್ ಇದ್ದದ್ದು 1.35ಕ್ಕೆ ಬಂತು. ಸೀಳು ಹಳೆಯದೇ. ಸಿಕ್ಕಿಕೊಳ್ಳದೆ ಇನ್ನೇನಾದೀತು? ಮೊದಲಿದ್ದ ಅಳತೆಗೇ ಮರಳುವುದು ಸುಲಭದ ಪರಿಹಾರ. ನಿಮ್ಮ ಗಿಟಾರಿನ ತಂತಿಯ ಅಳತೆಯನ್ನು ಎಲ್ಲಾದರೂ ಬರೆದಿಡಿ, ಅಂಗಡಿಯವರು ‘ಯಾವ ಸೆಟ್’ ಎಂದು ಕೇಳಿದರೆ ‘ಯಾವುದಾದರೂ ಕೊಡಿ’ ಎನ್ನಬೇಡಿ. ನೈಲಾನ್ ತಂತಿಯ ಗಿಟಾರಿಗಂತೂ ಸ್ಟೀಲ್ ತಂತಿ ಹಾಕಲೇಬಾರದು. 12–53ರ ಆರು ಸ್ಟೀಲ್ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ. ನೈಲಾನಿನದು ಅದಕ್ಕಿಂತ ಬಹಳ ಕಡಿಮೆ. ಆ ಗಿಟಾರು ಇಷ್ಟು ಭಾರ ಹೊರಲು ಕಟ್ಟಿದ್ದಲ್ಲ, ಬ್ರಿಡ್ಜ್ ಕಿತ್ತು ಬರುತ್ತದೆ, ಕತ್ತು ಬಾಗುತ್ತದೆ.

ಈಗ ಎರಡನೆಯ ಕಾಯಿಲೆ. ತೆರೆದ ತಂತಿ ಸರಿ, ಸ್ವರಮೇಳ ತಪ್ಪು. ಇದಕ್ಕೆ ಮುಖ್ಯ ಕಾರಣ ನಟ್ ಎತ್ತರವಾಗಿರುವುದು. ಕಾರ್ಖಾನೆಯವರು ಅನೇಕ ಸಲ ಸೀಳನ್ನು ಪೂರ್ತಿ ಇಳಿಸದೆ ಕಳಿಸುತ್ತಾರೆ. ಹೆಚ್ಚಿದ್ದರೆ ಆಮೇಲೆ ಉಜ್ಜಬಹುದು, ಕಡಿಮೆಯಾದರೆ ಸರಿಮಾಡುವುದು ಕಷ್ಟ ಎಂಬ ಲೆಕ್ಕ. ನಟ್ ಹತ್ತಿರ ತಂತಿ ಎತ್ತರವಿದ್ದರೆ ಮೊದಲ ಫ್ರೆಟ್ಟಿಗೆ ಒತ್ತುವಾಗ ಅದನ್ನು ಬಹಳ ಕೆಳಗೆ ತಳ್ಳಬೇಕು, ತಳ್ಳಿದಷ್ಟೂ ತಂತಿ ಬಿಗಿಯಾಗಿ ಸ್ವರ ಏರುತ್ತದೆ. ‘ಎಫ್’ ಹಿಡಿಯಲು ಬೆರಳು ನೋಯುತ್ತದೆ ಎಂದು ಅಳುವ ಹೊಸಬರಲ್ಲಿ ಅರ್ಧಕ್ಕರ್ಧ ಜನರ ಬೆರಳಿನಲ್ಲಿ ತಪ್ಪಿಲ್ಲ ಎಂದೇ ನನ್ನ ನಂಬಿಕೆ. ಹೋಗಿ ನಟ್ ನೋಡಿ.

ನೋಡುವುದು ಹೀಗೆ. ತಂತಿಯನ್ನು ಎರಡು ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿ ಹಿಡಿದು, ಬೆಳಕಿಗೆ ಅಡ್ಡಲಾಗಿ ಮೊದಲ ಫ್ರೆಟ್ಟಿನ ಮೇಲೆ ಕಣ್ಣಿಡಿ. ತಂತಿಗೂ ಫ್ರೆಟ್ಟಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಸಾಮಾನ್ಯ ಎ4 ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್, ಅದರ ತುಂಡೊಂದು ತಡೆದು ತಡೆದು ತೂರಿದರೆ ನಿಮ್ಮ ನಟ್ ಬಂಗಾರ. ವಿಸಿಟಿಂಗ್ ಕಾರ್ಡು ಸಲೀಸಾಗಿ ಹೋಗುತ್ತಿದ್ದರೆ ಎತ್ತರ ಹೆಚ್ಚು. ಬೆಳಕೇ ಕಾಣದೆ ತಂತಿ ಫ್ರೆಟ್ಟಿನ ಮೇಲೆ ಮಲಗಿದ್ದರೆ ಸೀಳು ತಗ್ಗಿದೆ, ತೆರೆದ ತಂತಿ ಮೀಟಿದಾಗ ‘ಝುರ್’ ಎನ್ನುವುದು ಅದಕ್ಕೇ. ಆರು ತಂತಿಗಳನ್ನೂ ಬೇರೆ ಬೇರೆ ನೋಡಿ, ಚೀಟಿಯಲ್ಲಿ ಬರೆದುಕೊಳ್ಳಿ.

ಎತ್ತರವಿದ್ದರೆ ಉಜ್ಜಬೇಕು. ಇಲ್ಲಿ ನನ್ನ ಮಾತು ಚೆನ್ನಾಗಿ ಕಿವಿಗೆ ಹಾಕಿಕೊಳ್ಳಿ. ಅಡುಗೆಮನೆಯ ಚಾಕು, ಹ್ಯಾಕ್ಸಾ ಬ್ಲೇಡು ಮುಟ್ಟಕೂಡದು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗೆ. ತಂತಿಯ ಅಳತೆಗೆ ತಕ್ಕ ನಟ್ ಅರಗಳು ಸಿಗುತ್ತವೆ, ಬೆಲೆ ಜಾಸ್ತಿ. ಅಷ್ಟು ಖರ್ಚು ಬೇಡವೆನ್ನುವವರು ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ಯಾಸ್ ವೆಲ್ಡಿಂಗ್ ನಳಿಕೆ ಸ್ವಚ್ಛ ಮಾಡುವ ಸಣ್ಣ ಅರಗಳ ಸೆಟ್ ಕೇಳಿ. ದಪ್ಪ ತಂತಿಗಳಿಗೆ ಅದರಲ್ಲಿ ಹೊಂದುವ ಅಳತೆ ಸಿಗುತ್ತದೆ. ಮೊದಲ ಫ್ರೆಟ್ಟಿಗೂ ನಟ್‌ನ ಎರಡೂ ಕಡೆಗೂ ಮಾಸ್ಕಿಂಗ್ ಟೇಪ್ ಅಂಟಿಸಿ. ಅರವನ್ನು ಮಟ್ಟಸವಾಗಿ ಹಿಡಿಯದೆ ಬಿರಡೆಗಳ ಕಡೆಗೆ ಸ್ವಲ್ಪ ಇಳಿಜಾರಾಗಿ ಹಿಡಿಯಿರಿ. ತಂತಿಗೆ ಕೊನೆಯ ಆಸರೆ ಸೀಳಿನ ಮುಂತುದಿ, ಅಂದರೆ ಫ್ರೆಟ್‌ಬೋರ್ಡಿನ ಕಡೆಯ ಅಂಚು ಆಗಿರಬೇಕು. ಇಳಿಜಾರು ಉಲ್ಟಾ ಆದರೆ ತಂತಿ ಸೀಳಿನ ಒಳಗೆಲ್ಲೋ ನಿಂತು ತುದಿಗೆ ತಾಗಿ ತಾಗಿ ಜುಮ್ಮೆನ್ನುತ್ತದೆ. ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ನೂಲು ಸಿಕ್ಕಿಸಿ ಬೇಕೆಂದೇ ತರಿಸುವ ಝೇಂಕಾರ ಅದು. ತಂಬೂರಿಗೆ ಜೀವಾಳ, ಗಿಟಾರಿಗೆ ದೋಷ.

ನಾಲ್ಕೈದು ಸಲ ಉಜ್ಜಿ, ತಂತಿ ಕೂರಿಸಿ, ಶ್ರುತಿ ಮಾಡಿ, ಕಾಗದ ತೂರಿಸಿ ನೋಡಿ. ಮತ್ತೆ ನಾಲ್ಕು ಸಲ, ಮತ್ತೆ ನೋಡಿ. ಬೇಸರವಾಗುತ್ತದೆ ಎಂದು ಒಂದೇ ಉಸಿರಿಗೆ ಇಪ್ಪತ್ತು ಸಲ ಉಜ್ಜಿದಿರೋ, ಕೆಟ್ಟಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇನ್ನೊಂದು ಕೂದಲೆಳೆ ಇಳಿಸಬಹುದಿತ್ತು ಎನ್ನಿಸುವಾಗಲೇ ನಿಲ್ಲಿಸಿಬಿಡಿ. ದಪ್ಪ ತಂತಿ ತನ್ನ ಅರ್ಧದಷ್ಟು ಸೀಳಿನೊಳಗೆ, ಅರ್ಧ ಮೇಲೆ ಇದ್ದರೆ ಸಾಕು. ಪೂರ್ತಿ ಹೂತುಹೋದರೆ ಅದೂ ಸಿಕ್ಕಿಕೊಳ್ಳುತ್ತದೆ.

ಆಗಲೇ ತಗ್ಗಿಹೋದ ಸೀಳಿಗೂ ಮನೆಮದ್ದು ಇದೆ. ಅಡುಗೆ ಸೋಡಾ ಮತ್ತು ಫೆವಿಕ್ವಿಕ್ ತರಹದ ಅಂಟು. ಅಡುಗೆ ಸೋಡಾ ಎಂದೆ, ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಅಲ್ಲ. ಸುತ್ತಲೂ ಟೇಪ್ ಅಂಟಿಸಿ, ಸೀಳಿನೊಳಗೆ ಚಿಟಿಕೆಗಿಂತ ಕಡಿಮೆ ಸೋಡಾ ಹಾಕಿ ಕಡ್ಡಿಯಿಂದ ಒತ್ತಿ, ಸೂಜಿಯ ಮೊನೆಯಿಂದ ಒಂದೇ ಒಂದು ಹನಿ ಅಂಟು ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ. ಆಗ ಬಿಸಿಯೂ ಆಗುತ್ತದೆ, ಮೂಗಿಗೆ ಹೊಡೆಯುವ ಹೊಗೆಯೂ ಬರುತ್ತದೆ. ಆದ್ದರಿಂದ ಕಿಟಕಿ ತೆರೆದಿರಲಿ, ಮುಖ ಬಗ್ಗಿಸಿ ಇಣುಕಬೇಡಿ, ಚಿಕ್ಕ ಮಕ್ಕಳು ಹತ್ತಿರ ಇರಬಾರದು. ಹನಿ ಗಿಟಾರಿನ ಹೊಳಪಿನ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಹೊಸದಾಗಿ ಸೀಳು ತೀಡಿ. ಇದು ಮೂಳೆಯಷ್ಟು ಬಾಳುವುದಿಲ್ಲ, ಆದರೂ ಒಂದೆರಡು ಸೀಳಿಗೆ ಧಾರಾಳ ಸಾಕು. ಆರೂ ತಗ್ಗಿದ್ದರೆ ನಟ್ ಅನ್ನೇ ಎತ್ತಿ ಕೆಳಗೆ ಗಟ್ಟಿ ಕಾಗದದ ಪಟ್ಟಿ ಕೊಡುವುದು ಅಥವಾ ಹೊಸದು ಹಾಕುವುದು ಮೇಲು. ಹೊಸದನ್ನು ಕೂರಿಸಲು ಫೆವಿಕಾಲ್ ಎರಡು ಹನಿ ಸಾಕು, ಅಲ್ಲಿ ಫೆವಿಕ್ವಿಕ್ ಬಳಿದರೆ ಮುಂದೆ ಬಿಚ್ಚುವವರು ಮರದ ಚೂರನ್ನೂ ಕಿತ್ತುಕೊಂಡೇ ಬಿಚ್ಚಬೇಕಾಗುತ್ತದೆ.

ನಟ್ ಸರಿಯಾದ ಮೇಲೂ ಸಂಗೀತದ ಮನೆಯಲ್ಲಿ ಬೆಳೆದ ನಿಮ್ಮಲ್ಲಿ ಕೆಲವರಿಗೆ ಒಂದು ಕಿರಿಕಿರಿ ಉಳಿಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ಸ್ ಮೇಲಿದೆ. ಗಿಟಾರಿನ ಫ್ರೆಟ್ಟುಗಳು ಒಂದೊಂದು ಸ್ವರಸ್ಥಾನಕ್ಕೆ ಸಮನಾಗಿ 100 ಸೆಂಟ್ಸ್‌ನಂತೆ ಹಂಚಿದವು, ಅದರ ಗಾಂಧಾರ 400ರಲ್ಲಿ ಕೂರುತ್ತದೆ. ಆ 14 ಸೆಂಟ್ಸ್ ವ್ಯತ್ಯಾಸ ಪಳಗಿದ ಕಿವಿಗೆ ಚುಚ್ಚುತ್ತದೆ. ನೀವು ‘ಇ’ ಮೇಜರ್ ಹಿಡಿದು ಅದು ಸಿಹಿಯಾಗುವವರೆಗೆ ‘ಜಿ’ ತಂತಿಯನ್ನು ಇಳಿಸುತ್ತೀರಿ, ಕೂಡಲೇ ‘ಜಿ’ ಮೇಜರ್ ಹಳಸುತ್ತದೆ. ಅದನ್ನು ಸರಿಮಾಡಿದರೆ ಇದು ಕೆಡುತ್ತದೆ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುವುದರಿಂದ ಮೇಳ ಕಟ್ಟುವವರು ಸರಿಸಿ ಕೂರಿಸಬಲ್ಲರು. ಗಿಟಾರಿನ ಫ್ರೆಟ್ಟು ಬಡಿದು ಕೂರಿಸಿದ್ದು, ಎಲ್ಲ ಮೇಜರ್‌ಗಳಿಗೂ ಸ್ವಲ್ಪ ಸ್ವಲ್ಪ ರಾಜಿಮಾಡಿಕೊಂಡೇ ಹುಟ್ಟಿದ್ದು. ಇಲ್ಲಿ ಟ್ಯೂನರ್ ಹೇಳಿದಲ್ಲಿಗೆ ನಿಲ್ಲಿಸಿ. ಈ ಒಂದು ಕಾರಣಕ್ಕೆ ಮಾತ್ರ ನಟ್ ಮುಟ್ಟಬೇಡಿ.

ಎಡಗೈಯನ್ನೂ ಒಮ್ಮೆ ಗಮನಿಸಿ. ಸ್ವರ ಹೊರಡಲು ಬೇಕಾದಷ್ಟೇ ಒತ್ತಿ, ಫ್ರೆಟ್ಟಿಗೆ ಅಂಟಿಕೊಂಡಂತೆ ಒತ್ತಿ. ಹಲ್ಲು ಕಚ್ಚಿ ಅದುಮಿದರೆ ಸರಿಯಾದ ನಟ್ ಮೇಲೂ ಸ್ವರ ಏರುತ್ತದೆ. ಕೇಪೋ ಹಾಕುವುದೂ ಅಷ್ಟೇ, ಹಾಕಿದ ಮೇಲೆ ಶ್ರುತಿ ನೋಡಿ, ತೆಗೆದಿಡುವಾಗ ಗಿಟಾರಿನ ತಲೆಗೆ ಕಚ್ಚಿಸಿಟ್ಟು ಮರೆಯಬೇಡಿ.

ಹವೆಯ ಮಾತು ಬೇಗ ಮುಗಿಸುತ್ತೇನೆ. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಮರ ಉಬ್ಬಿ ತಂತಿ ಮೇಲೇಳುತ್ತದೆ, ಕಲಬುರಗಿಯ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಅಮೆರಿಕದಲ್ಲಿರುವವರ ಮನೆಯಲ್ಲಿ ಚಳಿಗಾಲದ ಹೀಟರ್ ಅದೇ ಒಣಗುವಿಕೆಯನ್ನು ಇನ್ನಷ್ಟು ಜೋರಾಗಿ ಮಾಡುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ, ಒಣಹವೆಯಲ್ಲಿ ಗಿಟಾರಿಗೆಂದೇ ಸಿಗುವ ತೇವದ ಸ್ಪಂಜು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಿಟಾರನ್ನು ಬಿಟ್ಟು ಹೋಗುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ. ಹವೆ ಬದಲಾಗಿ ತಂತಿ ಏರಿಳಿದಿದ್ದರೆ ಅದಕ್ಕೆ ನಟ್ ಉಜ್ಜುವುದಲ್ಲ, ಒಂದೆರಡು ವಾರ ಕಾದು ಮತ್ತೆ ಅಳೆಯಿರಿ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿ ಒರೆಸಿಡಿ. ತುಕ್ಕು ಹಿಡಿದ ತಂತಿ ಯಾವ ನಟ್‌ನಲ್ಲೂ ಜಾರುವುದಿಲ್ಲ.

ಕೆಲವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನಟ್ ಒಡೆದಿದ್ದರೆ, ಕತ್ತು ಬಾಗಿದ್ದು ಕಣ್ಣಿಗೇ ಕಾಣುತ್ತಿದ್ದರೆ, ಬ್ರಿಡ್ಜ್ ಹಿಂದೆ ಹಲಗೆ ಉಬ್ಬಿದ್ದರೆ, ಬಿರಡೆಯ ಹಲ್ಲು ಸವೆದು ಗರಗರ ತಿರುಗುತ್ತಿದ್ದರೆ ಬಲ್ಲವರ ಕೈಗೆ ಕೊಡಿ. ಕತ್ತಿನೊಳಗಿನ ಕಬ್ಬಿಣದ ಸರಳನ್ನು ಅಲೆನ್ ಕೀ ಹಾಕಿ ಕುತೂಹಲಕ್ಕೆ ತಿರುಗಿಸುವ ಚಾಳಿ ಕೆಲವರಿಗಿದೆ. ಬಲ್ಲವರೇ ಅದನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ. ರಿಪೇರಿಗೆ ಒಯ್ಯುವಾಗ ‘ಟ್ಯೂನ್ ನಿಲ್ಲಲ್ಲ’ ಎಂದಷ್ಟೇ ಹೇಳಿ ಬರಬೇಡಿ. ಯಾವ ತಂತಿ, ಏರುತ್ತದೋ ಇಳಿಯುತ್ತದೋ, ಯಾವ ಅಳತೆಯ ಸೆಟ್ ಹಾಕಿದ್ದೀರಿ, ಕಾಗದ ತೂರಿಸಿದಾಗ ಏನು ಕಂಡಿತು ಎಂದು ಬರೆದ ಚೀಟಿಯನ್ನೂ ಜೊತೆಗೆ ಕೊಡಿ. ದಾರಿಯಲ್ಲಿ ಏನಾದರೂ ಆದೀತೆಂದು ತಂತಿಗಳನ್ನು ಸಡಿಲಿಸಿಕೊಂಡು ಹೋಗಬೇಡಿ, ಶ್ರುತಿ ಮಾಡಿಯೇ ಒಯ್ಯಿರಿ. ಅವರು ಅಳೆಯಬೇಕಾದ್ದು ತಂತಿ ಬಿಗಿದು ನಿಂತ ಗಿಟಾರನ್ನು.